ಎಲ್ಲೈಸಿ ಏಜೆಂಟ್ ಆಗೋದೋ ಬೇಡವೋ: ಒಂದಿಷ್ಟು ಇತಿಹಾಸ, ಒಂದಿಷ್ಟು ಲೆಕ್ಕ

ವಿಮೆಯ ಬಗ್ಗೆ ಬರೆಯುತ್ತೇನೆ ಅಂದ ಕೂಡಲೇ ಅರ್ಧ ಜನ ಪಕ್ಕದ ಬ್ಲಾಗಿಗೆ ಜಾರಿಕೊಳ್ಳುತ್ತೀರಿ ಅಂತ ಗೊತ್ತು. ಹೆದರಬೇಡಿ, ನಾನು ಯಾವ ಪಾಲಿಸಿಯನ್ನೂ ಮಾರುತ್ತಿಲ್ಲ :) ಹೇಳಹೊರಟಿರುವುದು ಪಾಲಿಸಿಯ ಕಥೆಯಲ್ಲ, ಅದನ್ನು ಮಾರುವವನ ಕಥೆ.

ನಮ್ಮ ಕಡೆ 'ಏಜೆಂಟ್' ಅಂದರೆ ಎರಡೇ ಅರ್ಥ. ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿ ಬಸ್ಸಿಗೆ ಜನ ತುಂಬುವವನು ಒಬ್ಬ, ಎಲ್ಲೈಸಿಯವನು ಇನ್ನೊಬ್ಬ. ಮೊದಲನೆಯವನು ಬಂದರೆ ನಾವೇ ಹುಡುಕಿಕೊಂಡು ಹೋಗುತ್ತೇವೆ, ಎರಡನೆಯವನು ಬಂದರೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತೇವೆ! ಈ ಎರಡನೆಯ ಜಾತಿಯವರಿಗೆ ಅಮೆರಿಕದವರು 'ಕ್ಯಾಪ್ಟಿವ್ ಏಜೆಂಟ್' ಅನ್ನುತ್ತಾರೆ. ಒಂದೇ ಕಂಪನಿಗೆ ಕಟ್ಟಿಹಾಕಿದ ಏಜೆಂಟ್ ಅಂತ ಅರ್ಥ. ಅವನು ಕಂಪನಿಯ ನೌಕರನಲ್ಲ, ಸಂಬಳವಿಲ್ಲ, ರಜೆಯಿಲ್ಲ. ಆದರೂ ಬೇರೆ ಕಂಪನಿಯ ಮಾಲು ಮಾರುವಂತಿಲ್ಲ. ಹಗ್ಗ ಇದೆ, ಹುಲ್ಲು ಮಾತ್ರ ಅವನೇ ಹುಡುಕಿಕೊಳ್ಳಬೇಕು.

ಅಕ್ಕನ ಮಗ ಒಬ್ಬ ಇದ್ದಾನೆ. ಬಿ.ಕಾಂ. ಮುಗಿಸಿ ಶಿವಮೊಗ್ಗದಲ್ಲಿ ಒಂದು ಟೈಲ್ಸ್ ಅಂಗಡಿಯ ಲೆಕ್ಕ ಬರೆಯುತ್ತಾನೆ. ಡೆವಲಪ್‌ಮೆಂಟ್ ಆಫೀಸರ್ ಒಬ್ಬರು ಇವನ ಮಾತುಗಾರಿಕೆ ನೋಡಿ ಏಜೆನ್ಸಿ ತಗೋ ಅಂತ ಬೆನ್ನುಬಿದ್ದಿದ್ದಾರೆ. ಅಂಗಡಿ ಬಿಟ್ಟು ಪೂರ್ತಿ ಇಳಿದುಬಿಡಲಾ ಅಂತ ಇವನ ಪ್ರಶ್ನೆ. ಅವನಿಗೆ ಬರೆದು ಕಳಿಸಲು ಅಂತ ಟಿಪ್ಪಣಿ ಮಾಡುತ್ತಾ ಹೋದೆ, ಅದು ಉದ್ದವಾಗಿ ಇಲ್ಲಿಗೆ ಬಂತು.

1956ಕ್ಕೆ ಮೊದಲು

ಕಲ್ಕತ್ತೆಯಲ್ಲಿ 1818ರಲ್ಲಿ ಓರಿಯೆಂಟಲ್ ಲೈಫ್ ಅನ್ನುವ ಕಂಪನಿ ಶುರುವಾಯಿತು. ಅದು ಮುಖ್ಯವಾಗಿ ಇಲ್ಲಿದ್ದ ಯೂರೋಪಿಯನ್ನರಿಗಾಗಿ ಇದ್ದದ್ದು. ಭಾರತೀಯರ ಜೀವಕ್ಕೆ ವಿಮೆ ಕೊಟ್ಟರೂ ಪ್ರೀಮಿಯಂ ಹೆಚ್ಚು ವಸೂಲು ಮಾಡುವ ಕಾಲ ಅದು. ನಮ್ಮವರ ಜೀವಕ್ಕೂ ಅದೇ ದರ ಅಂತ ಹೊರಟದ್ದು 1870ರ ಹೊತ್ತಿಗೆ ಹುಟ್ಟಿದ ಬಾಂಬೆ ಮ್ಯೂಚುಯಲ್. 1905ರ ನಂತರ ಸ್ವದೇಶಿ ಚಳವಳಿಯ ಬಿಸಿಯಲ್ಲಿ ಇನ್ನೂ ಹಲವು ಬಂದವು. ಮದ್ರಾಸಿನ ಯುನೈಟೆಡ್ ಇಂಡಿಯಾ (1906), ಕಲ್ಕತ್ತೆಯ ಹಿಂದೂಸ್ಥಾನ್ ಕೋಆಪರೇಟಿವ್ (1907) ಇಂಥವು.

ಅಂದ ಹಾಗೆ, ಏಜೆಂಟೇ ಇಲ್ಲದ ವಿಮೆಯೂ ನಮ್ಮಲ್ಲೇ ಇತ್ತು, ಈಗಲೂ ಇದೆ. ಮೈಸೂರು ಸಂಸ್ಥಾನ 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸರ್ಕಾರಿ ನೌಕರರಿಗೆ ವಿಮೆ ಶುರುಮಾಡಿತು. ಇವತ್ತಿನ ಕೆ.ಜಿ.ಐ.ಡಿ. ಅದರದ್ದೇ ಮುಂದುವರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಮೇಷ್ಟ್ರೋ ಗುಮಾಸ್ತರೋ ಇದ್ದರೆ ಸಂಬಳದ ಚೀಟಿಯಲ್ಲಿ ಆ ಕಡಿತ ನೋಡಿರುತ್ತೀರಿ. ಕದ ತಟ್ಟುವವರಿಲ್ಲ, ಕಮಿಷನ್ ಇಲ್ಲ. ಆದರೆ ಇದು ನಡೆಯುವುದು ತಿಂಗಳ ಸಂಬಳ ಇದ್ದವರಿಗೆ ಮಾತ್ರ. ಅಡಿಕೆ ಕೊಯ್ಲಿಗೆ ಕಾಯುವವನ, ಕಿರಾಣಿ ಅಂಗಡಿಯವನ ಹಣ ಯಾರು ಕಡಿತ ಮಾಡಬೇಕು? ಅವರ ಮನೆಗೆ ಯಾರೋ ಒಬ್ಬರು ನಡೆದುಕೊಂಡೇ ಹೋಗಬೇಕು. ಏಜೆಂಟ್ ಅನ್ನುವ ಪ್ರಾಣಿ ಹುಟ್ಟಿದ್ದು ಈ ಕಾರಣಕ್ಕೆ. ತನ್ನ ಸಾವಿನ ಬಗ್ಗೆ ಯೋಚಿಸಿ ತಾನಾಗಿಯೇ ದುಡ್ಡು ಕಟ್ಟಲು ಹೋಗುವ ಮನುಷ್ಯ ಎಲ್ಲೂ ಇಲ್ಲ.

ಆ ಕಾಲದ ಏಜೆಂಟರು ಹೇಗಿದ್ದರು ಅಂತ ತಿಳಿಯಬೇಕಾದರೆ 1938ರ ವಿಮಾ ಕಾಯಿದೆ ನೋಡಿದರೆ ಸಾಕು. ಯಾವುದನ್ನು ಮಾಡಬಾರದು ಅಂತ ಕಾನೂನು ಹೇಳುತ್ತದೋ ಅದನ್ನು ಜನ ಮಾಡುತ್ತಿದ್ದರು ಅಂತಲೇ ಲೆಕ್ಕ ತಾನೆ! ಕಾಯಿದೆಯ 41ನೇ ಕಲಂ ಪ್ರಕಾರ ಏಜೆಂಟ್ ತನ್ನ ಕಮಿಷನ್ನಿನಲ್ಲಿ ಗಿರಾಕಿಗೆ ಪಾಲು ಕೊಡುವಂತಿಲ್ಲ. ಪಾಲಿಸಿ ಫಾರಂಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಅಚ್ಚು ಹಾಕುತ್ತಾ ಬಂದರು, ದಂಡ ಐನೂರು ರೂಪಾಯಿವರೆಗೆ ಅಂತ. 2015ರಲ್ಲಿ ಅದು ಹತ್ತು ಲಕ್ಷದವರೆಗೆ ಏರಿತು. "ಮೊದಲ ಕಂತು ನಾನೇ ಕಟ್ತೀನಿ, ನೀವು ಸೈನ್ ಹಾಕಿ ಸಾಕು" ಅನ್ನುವ ಮಾತು ಮಾತ್ರ ನಿಂತಿಲ್ಲ.

ಕಂಪನಿಗಳ ಯಜಮಾನರು ಏಜೆಂಟರಿಗಿಂತ ದೊಡ್ಡ ಆಟ ಆಡುತ್ತಿದ್ದರು. 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದು ನಿಂತು, ಉದ್ಯಮಿ ದಾಲ್ಮಿಯಾ ತಮ್ಮ ವಿಮಾ ಕಂಪನಿಯ ಹಣವನ್ನು ಹೇಗೆ ಬಳಸಿಕೊಂಡರು ಅಂತ ಬಿಡಿಸಿಟ್ಟರು. 1956ರ ಜನವರಿ 19ರಂದು ಸುಗ್ರೀವಾಜ್ಞೆ ಬಂತು. ಆವತ್ತು ರಾತ್ರಿ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್ ರೇಡಿಯೋದಲ್ಲಿ ಮಾತಾಡಿದರು. 154 ಭಾರತೀಯ ಕಂಪನಿ, 16 ವಿದೇಶಿ ಕಂಪನಿ, 75 ಪ್ರಾವಿಡೆಂಟ್ ಸೊಸೈಟಿ, ಒಟ್ಟು 245 ಸಂಸ್ಥೆಗಳು ಸೇರಿ ಸೆಪ್ಟೆಂಬರ್ 1ಕ್ಕೆ ಒಂದೇ ಆದವು. ಅದೇ ಭಾರತೀಯ ಜೀವ ವಿಮಾ ನಿಗಮ.

ಇಲ್ಲೊಂದು ಸ್ವಾರಸ್ಯ ಇದೆ. ಆವತ್ತಿನಿಂದ 2000ದವರೆಗೆ ಎಲ್ಲೈಸಿ ಏಜೆಂಟನನ್ನು 'ಕಟ್ಟಿಹಾಕಿದವನು' ಅಂತ ಕರೆಯುವುದಕ್ಕೆ ಅರ್ಥವೇ ಇರಲಿಲ್ಲ. ಕಟ್ಟಿದ ಗೂಟ ಒಂದೇ ಇದ್ದಾಗ ಹಗ್ಗ ಕಾಣುವುದಿಲ್ಲ. ಸರ್ಕಾರದ ಭರವಸೆ ಇದ್ದ ಒಂದೇ ಕಂಪನಿ, ಊರಿಗೆ ಗೊತ್ತಿರುವ ಒಂದೇ ಹೆಸರು. ಎರಡು ಕೈಗಳ ನಡುವೆ ದೀಪ ಇರುವ ಆ ಚಿಹ್ನೆ ಅಂಚೆ ಡಬ್ಬಿಯಷ್ಟೇ ಪರಿಚಿತ. "ಆ ಕಂಪನಿಯದ್ದು ಇದಕ್ಕಿಂತ ಒಳ್ಳೆಯದಲ್ಲವಾ?" ಅಂತ ಕೇಳುವವರೇ ಇಲ್ಲ.

ಚಿಕ್ಕಪ್ಪನ ಕಾಲ

ನಮ್ಮ ಚಿಕ್ಕಪ್ಪ ತೀರ್ಥಹಳ್ಳಿ ಕಡೆ ಮೂವತ್ತು ವರ್ಷಕ್ಕೂ ಮೀರಿ ಎಲ್ಲೈಸಿ ಏಜೆಂಟ್ ಆಗಿದ್ದವರು. ಊರಲ್ಲಿ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ, 'ಎಲ್ಲೈಸಿಯವರು' ಅಂದರೆ ಸಾಕಿತ್ತು. ಮೊದಲು ಸೈಕಲ್, ಆಮೇಲೆ ಒಂದು ಹಳೇ ಲೂನಾ. ಚರ್ಮದ ಬ್ಯಾಗಿನಲ್ಲಿ ಫಾರಂ, ದರಪಟ್ಟಿ, ಒಂದು ಡೈರಿ. ಆ ಡೈರಿಯಲ್ಲಿ ಯಾರ ಕಂತು ಯಾವ ತಿಂಗಳು, ಯಾರ ಮಗಳ ಮದುವೆ ಯಾವಾಗ, ಯಾರಿಗೆ ಅಡಿಕೆ ದುಡ್ಡು ಯಾವಾಗ ಬರುತ್ತದೆ ಎಲ್ಲ ಇರುತ್ತಿತ್ತು. ಕಂತು ಕಟ್ಟಲು ಬ್ರಾಂಚಿಗೆ ಹೋಗಲಾಗದವರ ದುಡ್ಡು ತಾವೇ ಒಯ್ದು ಕಟ್ಟಿ ರಸೀದಿ ತಂದುಕೊಡುತ್ತಿದ್ದರು. ಪಾಲಿಸಿ ಮೇಲೆ ಸಾಲ ಬೇಕೆಂದರೆ, ಬಾಂಡ್ ಕಳೆದುಹೋದರೆ, ನಾಮಿನಿ ಬದಲಾಯಿಸಬೇಕಾದರೆ ಎಲ್ಲಕ್ಕೂ ಅವರೇ.

ಒಂದು ಸಂಗತಿ ಹೇಳಬೇಕು. ಫಾರಂ ಇಂಗ್ಲಿಷಿನಲ್ಲಿ ಇರುತ್ತಿತ್ತು, ತುಂಬುವವರು ಏಜೆಂಟರು, ಸೈನ್ ಹಾಕುವವರು ಗಿರಾಕಿ. 'ಸಕ್ಕರೆ ಕಾಯಿಲೆ ಇದೆಯೇ?' ಅನ್ನುವ ಪ್ರಶ್ನೆಗೆ 'ಇಲ್ಲ' ಅಂತ ಬರೆದುಬಿಟ್ಟರೆ ಪಾಲಿಸಿ ಸಲೀಸು, ಕಮಿಷನ್ ಸಲೀಸು. ಪರಿಚಯದ ಜವಳಿ ಅಂಗಡಿಯವರೊಬ್ಬರಿಗೆ ಸಕ್ಕರೆ ಇತ್ತು. ಚಿಕ್ಕಪ್ಪ 'ಇದೆ' ಅಂತಲೇ ಬರೆದರು. ಪ್ರೀಮಿಯಂ ಹೆಚ್ಚು ಬಂತು, ಅವರು ಮುನಿಸಿಕೊಂಡು ತಿಂಗಳುಗಟ್ಟಲೆ ಮಾತು ಬಿಟ್ಟರು. ಒಂದೂವರೆ ವರ್ಷಕ್ಕೆ ಅವರು ತೀರಿಕೊಂಡಾಗ ಹಣ ಯಾವ ತಕರಾರಿಲ್ಲದೆ ಹೆಂಡತಿಯ ಕೈಸೇರಿತು. ಕಾಯಿದೆಯ 45ನೇ ಕಲಂ ಆಗ ಹೇಳುತ್ತಿದ್ದದ್ದು, ಎರಡು ವರ್ಷದೊಳಗೆ ಸಾವು ಬಂದರೆ ಫಾರಂನಲ್ಲಿ ಹೇಳಿದ್ದು ಸುಳ್ಳಾ ನಿಜವಾ ಅಂತ ಕಂಪನಿ ಕೆದಕಬಹುದು, ಸುಳ್ಳಾದರೆ ಕ್ಲೇಮ್ ತಳ್ಳಿಹಾಕಬಹುದು ಅಂತ. 2015ರ ತಿದ್ದುಪಡಿಯ ನಂತರ ಆ ಅವಧಿ ಮೂರು ವರ್ಷ, ಅದು ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಅಂದರೆ ಒಬ್ಬ ವಿಧವೆಯ ಕೈಗೆ ಹಣ ಬರುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಸಲ ಏಜೆಂಟ್ ಯಾವ ಖಾನೆಯಲ್ಲಿ ಗುರುತು ಹಾಕಿದ ಅನ್ನುವುದರ ಮೇಲೆ ನಿಂತಿರುತ್ತದೆ. ಈ ಕೆಲಸದ ತೂಕ ಇರುವುದು ಇಲ್ಲಿ.

ಕಮಿಷನ್ ಲೆಕ್ಕ ಹೇಗಿತ್ತು? ಹದಿನೈದು ವರ್ಷ ಮೀರಿದ ಎಂಡೋಮೆಂಟ್ ಪಾಲಿಸಿಗೆ ಮೊದಲ ವರ್ಷದ ಪ್ರೀಮಿಯಂನ ಶೇ. 25, ಅದರ ಮೇಲೆ ಅದರ ಶೇ. 40ರಷ್ಟು ಬೋನಸ್ ಕಮಿಷನ್, ಸೇರಿ ಶೇ. 35. ಎರಡು ಮತ್ತು ಮೂರನೇ ವರ್ಷ ಶೇ. 7.5, ಆಮೇಲೆ ಕೊನೆಯವರೆಗೂ ಶೇ. 5. ವರ್ಷಕ್ಕೆ 12,000 ಕಟ್ಟುವ ಇಪ್ಪತ್ತು ವರ್ಷದ ಪಾಲಿಸಿ ಅಂದರೆ ಮೊದಲು 4,200, ಮುಂದಿನ ಎರಡು ವರ್ಷ 900ರಂತೆ, ಆಮೇಲೆ ಹದಿನೇಳು ವರ್ಷ 600ರಂತೆ. ಒಟ್ಟು 16,200. ಏಜೆಂಟ್ ಸತ್ತರೂ, ಅವನು ನಿಗದಿತ ವರ್ಷ ಕೆಲಸ ಮಾಡಿದ್ದರೆ, ಈ ರಿನ್ಯೂವಲ್ ಕಮಿಷನ್ ಮನೆಯವರಿಗೆ ಬರುತ್ತದೆ. ಚಿಕ್ಕಪ್ಪ ಹೋದ ಮೇಲೂ ಚಿಕ್ಕಮ್ಮನ ಖಾತೆಗೆ ಬರುತ್ತಲೇ ಇತ್ತು, ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಕರಗುತ್ತಾ. ತೋಟದ ಫಸಲಿನ ಹಾಗೆ ಅಂತ ಚಿಕ್ಕಮ್ಮ ಹೇಳುತ್ತಿದ್ದರು.

ಪಿಗ್ಮಿಯವರು, ಎಲ್ಲೈಸಿಯವರು

ಕದ ತಟ್ಟಿ ದುಡ್ಡು ಕೂಡಿಸುವ ವಿಷಯದಲ್ಲಿ ನಮ್ಮ ಕರಾವಳಿಗೆ ಬೇರೆಯದೇ ಚರಿತ್ರೆ ಇದೆ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಪೂರ್ವಸಂಸ್ಥೆ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ, ಮನೆಬಾಗಿಲಲ್ಲೇ ವಸೂಲಿ, ವಸೂಲು ಮಾಡುವವನಿಗೆ ಕಮಿಷನ್. ಪಿಗ್ಮಿಯವರಿಗೂ ಸಂಬಳ ಇರಲಿಲ್ಲ, ಅವರೂ 'ಏಜೆಂಟ್'. ಆದರೆ ಅವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್, ಈ ಠೇವಣಿ ಸಂಗ್ರಹಕಾರರು ಕೈಗಾರಿಕಾ ವಿವಾದ ಕಾಯಿದೆಯಡಿ ಕಾರ್ಮಿಕರೇ ಅಂತ ತೀರ್ಪು ಕೊಟ್ಟಿತು. ಎಲ್ಲೈಸಿ ಏಜೆಂಟ್ ಮಾತ್ರ ಇವತ್ತಿಗೂ ನೌಕರನಲ್ಲ, ಕರಾರಿನವನು. ಆದರೂ ಗ್ರಾಚ್ಯುಟಿ ಅಂತ ಒಂದು ಇದೆ. 2023ರ ಸೆಪ್ಟೆಂಬರಿನಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಬಿಟ್ಟು ಮತ್ತೆ ಸೇರಿದವರಿಗೂ ರಿನ್ಯೂವಲ್ ಕಮಿಷನ್ ಸಿಗುವ ಹಾಗೆ ಮಾಡಿದರು. ಆಗ ಸರ್ಕಾರವೇ ಹೇಳಿದ ಪ್ರಕಾರ ಎಲ್ಲೈಸಿಗೆ 13 ಲಕ್ಷಕ್ಕೂ ಹೆಚ್ಚು ಏಜೆಂಟರು.

ನೂರು ಹೆಸರು ಬರೆಯಿರಿ

ಮಲ್ಹೋತ್ರಾ ಸಮಿತಿ 1994ರಲ್ಲಿ ವರದಿ ಕೊಟ್ಟಿತು, 1999ರಲ್ಲಿ ಐ.ಆರ್.ಡಿ.ಎ. ಕಾಯಿದೆ ಬಂತು, 2000ದ ಅಕ್ಟೋಬರಿನಲ್ಲಿ ಖಾಸಗಿ ಕಂಪನಿಗಳಿಗೆ ಲೈಸೆನ್ಸ್ ಸಿಕ್ಕಿತು. ಏಜೆಂಟ್ ಆಗಲು ನೂರು ಗಂಟೆ ತರಬೇತಿ, ಪರೀಕ್ಷೆ ಅಂತ ನಿಯಮ ಬಂತು. 2005ರಿಂದ 2008ರವರೆಗೆ ನಮ್ಮ ಬೀದಿಯಲ್ಲಿ ಏಜೆಂಟ್ ಆಗದವರೇ ಇರಲಿಲ್ಲ ಅನ್ನಿ. ಎಸ್‌ಟಿಡಿ ಬೂತ್ ಮುಚ್ಚಿದವರು, ಟ್ಯೂಷನ್ ಹೇಳುವವರು, ವಿ.ಆರ್.ಎಸ್. ತಗೊಂಡವರು, ಗೃಹಿಣಿಯರು.

ನನ್ನ ಸ್ನೇಹಿತನೊಬ್ಬ ಹೀಗೇ ಒಂದು ಖಾಸಗಿ ಕಂಪನಿ ಸೇರಿದ. ಹೆಸರು ಬೇಡ ಬಿಡಿ. ತರಬೇತಿಯ ಮೊದಲ ದಿನವೇ ಒಂದು ಹಾಳೆ ಕೊಟ್ಟು "ನಿಮಗೆ ಗೊತ್ತಿರುವ ನೂರು ಜನರ ಹೆಸರು, ಫೋನ್ ನಂಬರು ಬರೆಯಿರಿ" ಅಂದರಂತೆ. ಅಣ್ಣ, ಭಾವ, ಷಡ್ಡಕ, ಕಾಲೇಜು ಗೆಳೆಯರು, ಮಗನ ಸ್ಕೂಲಿನ ಮೇಷ್ಟ್ರು... ಎಂಟು ತಿಂಗಳಲ್ಲಿ ಹಾಳೆ ಮುಗಿಯಿತು. ಹಾಳೆ ಮುಗಿದ ಮೇಲೆ ಅವನೂ ಮುಗಿದ. ಅವನ ಜಾಗಕ್ಕೆ ಇನ್ನೊಬ್ಬ ಬಂದ, ಹೊಸ ಹಾಳೆ, ಹೊಸ ನೂರು ಹೆಸರು. ಕಂಪನಿಗೆ ಬೇಕಾಗಿದ್ದು ಏಜೆಂಟ್ ಅಲ್ಲ, ಆ ಹಾಳೆ. ಬೀಗರ ಮನೆಯ ಶುಭಕಾರ್ಯಕ್ಕೆ ಹೋದರೆ ಜನ ಎದ್ದು ಬೇರೆ ಕಡೆ ಕೂರುತ್ತಿದ್ದರು ಅಂತ ಆತ ಹೇಳಿದ್ದು ಈಗಲೂ ನೆನಪಿದೆ.

ಆಗ ಮಾರಿದ ಮಾಲು ಯುಲಿಪ್. "ಮೂರೇ ವರ್ಷ ಕಟ್ಟಿ, ಸಾಕು, ದುಡ್ಡು ಡಬಲ್" ಅನ್ನುವ ಮಾತು ಕೇಳದವರು ಯಾರಿದ್ದೀರಿ? ಕಟ್ಟಿದ ಮೊದಲ ಕಂತಿನಲ್ಲಿ ದೊಡ್ಡ ಪಾಲು ಖರ್ಚಿಗೇ ಹೋಗುತ್ತದೆ ಅನ್ನುವುದು ಮಾತ್ರ ಹೇಳುತ್ತಿರಲಿಲ್ಲ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 9,000ದ ಕೆಳಗೆ ಬಿತ್ತು. ಆಮೇಲೆ 2010ರ ಏಪ್ರಿಲಿನಲ್ಲಿ ಸೆಬಿ 14 ಕಂಪನಿಗಳ ಯುಲಿಪ್ ಮೇಲೆ ನಿಷೇಧ ಹೇರಿ, ಸೆಬಿ-ಐ.ಆರ್.ಡಿ.ಎ. ಜಗಳವಾಗಿ, ಜೂನಿನಲ್ಲಿ ಸುಗ್ರೀವಾಜ್ಞೆಯೇ ಬರಬೇಕಾಯಿತು. ಸೆಪ್ಟೆಂಬರಿನಿಂದ ಮೂರು ವರ್ಷದ ಬದಲು ಐದು ವರ್ಷದ ಲಾಕ್-ಇನ್, ಖರ್ಚಿಗೆ ಮಿತಿ. ಮೋನಿಕಾ ಹಾಲನ್, ರೇಣುಕಾ ಸಾನೆ, ಸೂಸನ್ ಥಾಮಸ್ ಸೇರಿ ಮಾಡಿದ ಅಧ್ಯಯನವೊಂದರ ಅಂದಾಜು, 2005ರಿಂದ 2012ರ ನಡುವೆ ತಪ್ಪು ಮಾರಾಟದಿಂದ ಜನ ಕಳೆದುಕೊಂಡದ್ದು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ.

ಅನಗೋಳ್, ಕೋಲ್, ಸರ್ಕಾರ್ ಅನ್ನುವ ಸಂಶೋಧಕರು ಇನ್ನೊಂದು ಕೆಲಸ ಮಾಡಿದರು. ಗಿರಾಕಿಗಳ ವೇಷದಲ್ಲಿ ಜನರನ್ನು ಏಜೆಂಟರ ಬಳಿ ಕಳಿಸಿದರು. ಟರ್ಮ್ ಪಾಲಿಸಿಯೇ ಸರಿಹೊಂದುವ ಗಿರಾಕಿಗೂ ಹೆಚ್ಚಿನ ಏಜೆಂಟರು ಹೇಳಿದ್ದು ಕಮಿಷನ್ ಜಾಸ್ತಿ ಇರುವ ಪಾಲಿಸಿಯನ್ನೇ. ಒಂದು ಬಗೆಯ ಪಾಲಿಸಿಯ ಕಮಿಷನ್ ಬಹಿರಂಗಪಡಿಸಬೇಕು ಅಂತ ನಿಯಮ ಬಂದಾಗ, ಬಹಿರಂಗಪಡಿಸಬೇಕಿಲ್ಲದ ಇನ್ನೊಂದರ ಕಡೆ ತಿರುಗಿದರು. ಇದನ್ನು ಓದಿ ಏಜೆಂಟರೆಲ್ಲ ಕಳ್ಳರು ಅನ್ನುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಟರ್ಮ್ ಪಾಲಿಸಿಯ ಪ್ರೀಮಿಯಂ ಕಡಿಮೆ, ಅದರ ಕಮಿಷನ್ನಿನಲ್ಲಿ ಮನೆ ನಡೆಯುವುದಿಲ್ಲ. ಗಿರಾಕಿಗೆ ಒಳ್ಳೆಯದಾದ ಮಾಲು ಮಾರಿದರೆ ಮಾರುವವನ ಹೊಟ್ಟೆ ತುಂಬದಂತೆ ಕೆಲಸವನ್ನೇ ಕಟ್ಟಿಟ್ಟಿದ್ದಾರೆ.

ಈಗಿನ ಲೆಕ್ಕ

ಗೂಟಗಳು ಹೆಚ್ಚಾದ ಮೇಲೆ ಹಗ್ಗ ಕಾಣತೊಡಗಿತು. ಇವತ್ತು ಒಬ್ಬ ವ್ಯಕ್ತಿ ಏಜೆಂಟ್ ಒಂದೇ ಜೀವ ವಿಮಾ ಕಂಪನಿಯ ಪಾಲಿಸಿ ಮಾರಬಹುದು. ಜೊತೆಗೆ ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ ಇಟ್ಟುಕೊಳ್ಳಬಹುದು. ಬ್ಯಾಂಕುಗಳಿಗೋ, 2022ರ ತಿದ್ದುಪಡಿಯಲ್ಲಿ ಒಂಬತ್ತು ಜೀವ ವಿಮಾ ಕಂಪನಿಗಳವರೆಗೆ ಅವಕಾಶ ಕೊಟ್ಟರು. ಸಾಲ ಕೊಡುವ ಮ್ಯಾನೇಜರ್ ಎದುರಿಗೆ ಕೂತು ಒಂಬತ್ತು ಕಂಪನಿ ತೋರಿಸುವವನಿಗೂ ಬಿಸಿಲಲ್ಲಿ ಸ್ಕೂಟರ್ ತುಳಿದು ಬರುವವನಿಗೂ ಏನು ಸಮ!

2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಆಯ್ಕೆಯಾಗಿದೆ, ಅದರಲ್ಲಿ 80ಸಿ ವಿನಾಯಿತಿ ಇಲ್ಲ. ಫೆಬ್ರವರಿ-ಮಾರ್ಚ್ ಬಂದರೆ "ಟ್ಯಾಕ್ಸ್ ಉಳಿಸಿ" ಅಂತ ಪಾಲಿಸಿ ಮಾರುತ್ತಿದ್ದವರ ಸುಗ್ಗಿ ಅಲ್ಲಿಗೆ ಸೊರಗಿತು. 2024ರ ಅಕ್ಟೋಬರಿನಿಂದ, ಪಾಲಿಸಿಯನ್ನು ಬೇಗ ಸರೆಂಡರ್ ಮಾಡಿದವರಿಗೆ ಹೆಚ್ಚು ಹಣ ವಾಪಸು ಕೊಡಬೇಕು ಅಂತ ನಿಯಮ ಬಂತು. ಪತ್ರಿಕೆಗಳಲ್ಲಿ ಬಂದ ಪ್ರಕಾರ ಎಲ್ಲೈಸಿ ಅದೇ ಹೊತ್ತಿಗೆ ಮೊದಲ ವರ್ಷದ ಕಮಿಷನ್ ಶೇ. 35ರಿಂದ 28ಕ್ಕೆ ಇಳಿಸಿ, ಮುಂದಿನ ವರ್ಷಗಳದ್ದನ್ನು ಶೇ. 5ರಿಂದ 7.5ಕ್ಕೆ ಏರಿಸಿತು. ಏಜೆಂಟರು ಬೀದಿಗಿಳಿದು ಪ್ರತಿಭಟಿಸಿದರು.

ನಾನು ಕಾಗದ ಹಿಡಿದು ಕೂತೆ. ಅದೇ 12,000ದ ಇಪ್ಪತ್ತು ವರ್ಷದ ಪಾಲಿಸಿ. ಮೊದಲ ವರ್ಷ 3,360, ಆಮೇಲೆ ಪ್ರತಿವರ್ಷ 900. ಐದನೇ ವರ್ಷದ ತನಕ ಹಳೆಯ ಲೆಕ್ಕವೇ ಮುಂದೆ, ಆರನೇ ವರ್ಷ ಹೊಸದು ದಾಟುತ್ತದೆ (7,800ಕ್ಕೆ ಎದುರಾಗಿ 7,860). ಇಪ್ಪತ್ತೂ ವರ್ಷ ನಡೆದರೆ 20,460. ಅಂದರೆ ಗಿರಾಕಿಯನ್ನು ಉಳಿಸಿಕೊಳ್ಳುವವನಿಗೆ ಲಾಭ, ಮಾರಿ ಮರೆಯುವವನಿಗೆ ನಷ್ಟ. ಚಿಕ್ಕಪ್ಪನಂಥವರಿಗೆ ಹೇಳಿಮಾಡಿಸಿದ ಲೆಕ್ಕ. ತೊಂದರೆ ಏನಂದರೆ ಹೊಸಬನಿಗೆ ಮೊದಲ ಐದು ವರ್ಷ ದಾಟುವುದೇ ಕಷ್ಟ. ತಿಂಗಳಿಗೆ 25,000 ಮೊದಲ ಕಮಿಷನ್ನಿನಿಂದಲೇ ಬರಬೇಕು ಅಂದರೆ ವರ್ಷಕ್ಕೆ ಇಂಥ 90 ಪಾಲಿಸಿ ಬೇಕು. ವಾರಕ್ಕೆ ಎರಡು ಮನೆಯಾದರೂ ಒಪ್ಪಬೇಕು. ಅದು ಆಗದ ಮಾತು ಅಂತ ಇಟ್ಟುಕೊಂಡು ವರ್ಷಕ್ಕೆ ಮೂವತ್ತೇ ಮಾಡಿದ ಅನ್ನಿ. ಹೊಸದರಿಂದ ಒಂದು ಲಕ್ಷದ ಮೇಲೆ ಎಂಟುನೂರು. ಹತ್ತನೇ ವರ್ಷದಲ್ಲಿ ಹಿಂದಿನ 270 ಪಾಲಿಸಿಯೂ ನಡೆಯುತ್ತಿದ್ದರೆ ಇನ್ನೊಂದು 2,43,000 ಸೇರುತ್ತದೆ. ಅರ್ಧ ಲ್ಯಾಪ್ಸ್ ಆಗಿದ್ದರೆ 1,21,500 ಅಷ್ಟೇ. ಪೆಟ್ರೋಲು ಅವನದ್ದೇ.

2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಶುರುವಾದ ಬಿಮಾ ಸಖಿ ಯೋಜನೆ ಈ ಕಷ್ಟದ ವರ್ಷಗಳಿಗೇ ಮಾಡಿದ ಹಾಗಿದೆ. ಹತ್ತನೇ ಕ್ಲಾಸು ಪಾಸಾದ ಹೆಂಗಸರಿಗೆ ಮೂರು ವರ್ಷ ತಿಂಗಳಿಗೆ 7,000, 6,000, 5,000ದಂತೆ ಸ್ಟೈಪೆಂಡ್, ಕಮಿಷನ್ ಬೇರೆ. ಆದರೆ ಮೊದಲ ವರ್ಷ ಮಾಡಿದ ಪಾಲಿಸಿಗಳಲ್ಲಿ ಶೇ. 65 ಎರಡನೇ ವರ್ಷವೂ ಜೀವಂತ ಇರಬೇಕು ಅನ್ನುವ ಷರತ್ತಿದೆ. ಒಳ್ಳೆಯ ಷರತ್ತು ಅಂತ ನನ್ನ ಅಭಿಪ್ರಾಯ.

ನಮ್ಮ ಹುಡುಗನಿಗೆ ನಾನು ಹೇಳಿದ್ದು ಮೂರು ಮಾತು. ಅಂಗಡಿ ಕೆಲಸ ಬಿಡಬೇಡ, ಏಜೆನ್ಸಿಯನ್ನು ಸಂಜೆ ಮತ್ತು ಭಾನುವಾರದ ಕೆಲಸ ಮಾಡಿಕೋ, ರಿನ್ಯೂವಲ್ ಕಮಿಷನ್ ನಿನ್ನ ಸಂಬಳಕ್ಕೆ ಸಮ ಬಂದ ದಿನ ಅಂಗಡಿ ಬಿಡುವ ಯೋಚನೆ ಮಾಡು. ನೆಂಟರ ನೂರು ಹೆಸರು ಬರೆಯಬೇಡ, ಗೊತ್ತಿಲ್ಲದ ಹತ್ತು ಜನ ನಿನ್ನಿಂದ ಕೊಳ್ಳುತ್ತಾರಾ ನೋಡು, ಕೊಂಡರೆ ನಿನಗೆ ಈ ಕೆಲಸ ಬರುತ್ತದೆ. ಮೂರನೆಯದು, ಟರ್ಮ್ ಪಾಲಿಸಿ ಬೇಕಾದವನಿಗೆ ಟರ್ಮ್ ಪಾಲಿಸಿಯನ್ನೇ ಕೊಡುವಷ್ಟು ನಿನ್ನ ಮನೆ ನಡೆಯುತ್ತಿರಬೇಕು. ಹಸಿದ ಏಜೆಂಟ್ ಒಳ್ಳೆಯ ಸಲಹೆ ಕೊಡಲಾರ. ಅವನಿಗೆ ನನ್ನ ಮಾತು ಅಷ್ಟೇನೂ ರುಚಿಸಲಿಲ್ಲ, ಇನ್ನೂ ಯೋಚಿಸುತ್ತಿದ್ದಾನೆ.

ಅಂಗಡಿ ನಡೆಸುತ್ತಲೇ, ಪೌರೋಹಿತ್ಯ ಮಾಡುತ್ತಲೇ, ಟೈಲರಿಂಗ್ ಮಾಡುತ್ತಲೇ ಏಜೆಂಟರಾಗಿ ಗೆದ್ದವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಬಗ್ಗೆ ಯಾರೂ ಬರೆದಿಟ್ಟಿಲ್ಲ. 245 ಕಂಪನಿಗಳ ಚರಿತ್ರೆ ಪುಸ್ತಕಗಳಲ್ಲಿದೆ, ಏಜೆಂಟರ ಡೈರಿಗಳು ರದ್ದಿಗೆ ಹೋಗುತ್ತಿವೆ. ನಿಮ್ಮ ಮನೆಯಲ್ಲೂ ಒಬ್ಬರು ಮಾವನೋ ಅತ್ತೆಯೋ 'ಎಲ್ಲೈಸಿಯವರು' ಇದ್ದೇ ಇರುತ್ತಾರೆ. ಸಾಧ್ಯವಾದರೆ ಕೂರಿಸಿಕೊಂಡು ಕೇಳಿ, ಕೇಳಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಇಲ್ಲಿ ಒಂದು ಸಾಲು ಹಾಕಿ ತಿಳಿಸಿ. ಕೇಳಲು ಹೋದಾಗ ಒಂದು ಪಾಲಿಸಿ ಮಾಡಿಸಿಕೊಂಡು ಬಂದರೆ ನಾನು ಹೊಣೆಯಲ್ಲ :)